ದೀಕ್ಷಾಸ್ನಾನದ ರಿಜಿಸ್ಟರಿನಿಂದ ಹಿಂದಕ್ಕೆ: ಬಳ್ಳಾರಿಯಲ್ಲಿ ಸಭಾ ಚರಿತ್ರೆ ಓದಿದ ಬಗೆ

ಸಭಾ ಚರಿತ್ರೆಯ, ಅಂದರೆ ಕ್ರೈಸ್ತ ಸಭೆಯ ಚರಿತ್ರೆಯ ತರಗತಿ ಎಂದರೆ ಸಭೆ ಹುಟ್ಟಿದ ಪೆಂತೆಕೊಸ್ತಿನ ದಿನದಿಂದ ಶುರು ಮಾಡುವುದು ವಾಡಿಕೆ. ಎರಡನೇ ವಾರ ನೀರೋ, ನಾಲ್ಕನೇ ವಾರ ಕಾನ್‌ಸ್ಟಂಟೈನ್, ಆರನೇ ವಾರಕ್ಕೆ ಬರುವಷ್ಟರಲ್ಲಿ ಕುರ್ಚಿಗಳು ಖಾಲಿ. ಕೇಳುವವರ ತಪ್ಪಲ್ಲ ಅದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೂತವರಿಗೆ ಅಲೆಕ್ಸಾಂದ್ರಿಯದ ಗೊಡವೆ ಯಾಕೆ ಎಂದು ಯಾರೂ ಹೇಳಿರುವುದಿಲ್ಲ. ನಾವು ತಿರುವು ಮುರುವು ಮಾಡಿದೆವು. ವೆಸ್ಟ್ರಿಯ (ದೇವಾಲಯದ ಪಕ್ಕದ ಕೋಣೆಯ) ಬೀರುವಿನಲ್ಲಿದ್ದ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್ ಹಿಡಿದು ಹಿಂದಕ್ಕೆ ಹೊರಟು, ಸಭೆಯಲ್ಲಿ ಈಗ ನಡೆಯುತ್ತಿರುವ ಜಗಳ ಯಾವುದಾದರೂ ಅಡ್ಡ ಬಂದಲ್ಲಿ ನಿಂತು, ಅದು ಹಿಂದೆ ಎಲ್ಲಿ ಎದ್ದಿತ್ತು ಎಂದು ನೋಡುವುದು.

ಹನ್ನೆರಡು ಭಾನುವಾರ, ಆರಾಧನೆ ಮುಗಿದ ಮೇಲೆ ಒಂದೂವರೆ ಗಂಟೆ, ಎಂಟರಿಂದ ಹತ್ತು ಜನ. ಹತ್ತು ದಾಟಿದರೆ ಅಧ್ಯಯನ ಹೋಗಿ ಪ್ರಸಂಗವಾಗುತ್ತದೆ. ಗುಂಪಿನಲ್ಲಿ ತಮಿಳು ಓದುವವರು ಒಬ್ಬರು, ತೆಲುಗು ಓದುವವರು ಒಬ್ಬರು ಇರಲೇಬೇಕು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದಂಡಿನ ಊರಾಯಿತು. ಪಲ್ಟನ್ನಿನ ಹಿಂದೆ ತಮಿಳು ಕುಟುಂಬಗಳೂ ಬಂದವು. ಹಾಗಾಗಿ ಒಂದೇ ಬೀರುವಿನಲ್ಲಿ ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ನಾಲ್ಕೂ ಸಿಗಬಹುದು. ರಿಜಿಸ್ಟರ್ ಮುಟ್ಟುವ ಮೊದಲು ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಿಂದ ಬರೆದ ಅನುಮತಿ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಚುನಾವಣೆಯವರೆಗೆ ಮಾತ್ರ.

ಮೊದಲ ವಾರ ಪುಸ್ತಕ ಬೇಡ, ಹಗ್ಗ ಸಾಕು. ಹತ್ತು ಮೀಟರ್ ಹುರಿಹಗ್ಗವನ್ನು ಗೋಡೆಗುಂಟ ಕಟ್ಟಿ. ಎರಡು ಸಾವಿರ ವರ್ಷಕ್ಕೆ ಹತ್ತು ಮೀಟರ್, ಅಂದರೆ ಒಂದು ಸೆಂಟಿಮೀಟರಿಗೆ ಎರಡು ವರ್ಷ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗಿ ಲೆಕ್ಕ ಕೆಡಿಸುತ್ತದೆ, ಸೆಣಬಿನದೇ ತನ್ನಿ. ಬಟ್ಟೆ ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸುತ್ತಾ ಹೋಗುವುದು: 325ರಲ್ಲಿ ಬಿಷಪರು ಸೇರಿದ ನೈಸಿಯ ಸಮ್ಮೇಳನ 1 ಮೀಟರ್ 62 ಸೆಂ.ಮೀ. ಹತ್ತಿರ, ಲೂಥರನ ಸುಧಾರಣೆ ಶುರುವಾದ 1517 ಏಳೂವರೆ ಮೀಟರ್ ದಾಟಿ. ಲಂಡನ್ ಮಿಷನ್ ಎಂಬ ಪ್ರಾಟೆಸ್ಟಂಟ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ 1810 ಬೀಳುವುದು 9 ಮೀಟರ್ 5 ಸೆಂ.ಮೀ.ಗೆ. ಹಲವು ಪ್ರಾಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆ (ಸಿಎಸ್‌ಐ) ಹುಟ್ಟಿದ 1947ರ ಸೆಪ್ಟೆಂಬರ್ 27 ಇನ್ನೂ ಆಚೆ, 9 ಮೀಟರ್ 73ರಲ್ಲಿ. ನಮ್ಮ ಊರಿನ ಪ್ರಾಟೆಸ್ಟಂಟ್ ಚರಿತ್ರೆಯೆಲ್ಲ ಕೊನೆಯ ಒಂದು ಮೀಟರಿನೊಳಗೆ. ಲೂಥರನಿಗೂ ನೈಸಿಯಕ್ಕೂ ನಡುವೆ ಸುಮಾರು ಆರು ಮೀಟರ್ ಹಗ್ಗ ಚೀಟಿಯಿಲ್ಲದೆ ತೂಗುತ್ತಿರುವುದನ್ನು ಕಂಡಮೇಲೆ, ಅಲ್ಲಿ ಏನಿತ್ತು ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಎರಡನೇ ವಾರಕ್ಕೆ ಮುದಗಲ್ಲು. ರಾಯಚೂರು ಜಿಲ್ಲೆಯ ಈ ಊರಿನ ಕಥೋಲಿಕ ದೇವಾಲಯಕ್ಕೆ ಸಾಮಾನ್ಯವಾಗಿ ಬರೆಯುವ ವರ್ಷ 1557. ಜೆಸ್ವಿತರು (ಕಥೋಲಿಕರ ಒಂದು ಸನ್ಯಾಸಿ ಸಂಘದವರು) ಕಟ್ಟಿಸಿದ್ದು ಎನ್ನುತ್ತಾರೆ. ಇಂಥ ವರ್ಷವನ್ನು ಹೇಗೆ ತಟ್ಟಿ ನೋಡಬೇಕು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸುತ್ತಮುತ್ತ ಇಲ್ಲ. ಜೆಸ್ವಿತ ಸಂಘಕ್ಕೆ ಪೋಪರ ಮನ್ನಣೆ ಸಿಕ್ಕಿದ್ದು 1540ರಲ್ಲಿ. ಆ ಸಂಘದ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಇಳಿದದ್ದು 1542ರಲ್ಲಿ. ಆದ್ದರಿಂದ 1557 ಅಸಾಧ್ಯವಲ್ಲ. ಆದರೆ 'ಕ್ಸೇವಿಯರರೇ ಬಂದು ಅಡಿಗಲ್ಲು ಇಟ್ಟರು' ಎಂದು ಯಾರಾದರೂ ಹೇಳಿದರೆ ಅದು ಆ ವರ್ಷಕ್ಕೆ ಹೊಂದುವುದಿಲ್ಲ, ಅವರು 1552ರ ಡಿಸೆಂಬರಿನಲ್ಲೇ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡಿದ್ದರು. ವಿಜಯನಗರಕ್ಕೂ ಬಿಜಾಪುರಕ್ಕೂ ಕೈ ಬದಲಾಗುತ್ತಿದ್ದ ಕೋಟೆಯ ಊರು ಅದು. 1565ರ ತಾಳಿಕೋಟೆ ಯುದ್ಧಕ್ಕೆ ಇನ್ನೂ ಎಂಟು ವರ್ಷವಿತ್ತು. ಹಗ್ಗದ ಮೇಲೆ ಮುದಗಲ್ಲಿನ ಚೀಟಿ ಲೂಥರನ ಚೀಟಿಯಿಂದ ಇಪ್ಪತ್ತೇ ಸೆಂಟಿಮೀಟರ್ ಆಚೆ. ಕ್ರೈಸ್ತಮತ ಇಲ್ಲಿಗೆ ಬ್ರಿಟಿಷರ ಜೊತೆ ಬಂತು ಎನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ಇನ್ನು ರಿಜಿಸ್ಟರ್. ಹಳೆಯ ಶಾಯಿಯಲ್ಲಿ ಕಬ್ಬಿಣದ ಅಂಶವಿರುತ್ತದೆ, ಅದು ನಿಧಾನವಾಗಿ ಕಾಗದವನ್ನೇ ತಿನ್ನುತ್ತದೆ. ಅಕ್ಷರವಿದ್ದ ಕಡೆಯೇ ಪುಟ ತೂತಾಗಿರುವುದು ಅದರಿಂದ. ಎಂಜಲು ಬೆರಳಿನಿಂದ ಪುಟ ತಿರುವಬಾರದು. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬಾರದು, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಕೊಲೆ, ಬಿಸಿ ತಾಗಿದ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಎರಡು ಟವೆಲ್ ಸುರುಳಿ ಸುತ್ತಿ ಅದರ ಮೇಲೆ ಪುಸ್ತಕವನ್ನು ಪೂರ್ತಿ ಚಪ್ಪಟೆಯಾಗದಂತೆ ತೆರೆದಿಡಿ, ಹೊಲಿಗೆ ಬಿಡುವುದಿಲ್ಲ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲಾಶ್ ಇಲ್ಲದೆ ಫೋನಿನಲ್ಲಿ ಚಿತ್ರ. ಒಬ್ಬರು ಪುಟ ತಿರುವಲು, ಒಬ್ಬರು ಕ್ಲಿಕ್ಕಿಸಲು. ಗಂಟೆಗೆ ನೂರು ಪುಟ ಆರಾಮಾಗಿ ಆಗುತ್ತದೆ. ಪ್ರತಿ ಇಪ್ಪತ್ತು ಪುಟಕ್ಕೆ ಚಿತ್ರದ ಸಂಖ್ಯೆಯನ್ನೂ ಪುಟದ ಸಂಖ್ಯೆಯನ್ನೂ ತಾಳೆ ನೋಡದಿದ್ದರೆ ಎರಡು ಪುಟ ಒಟ್ಟಿಗೆ ತಿರುವಿದ್ದು ಗೊತ್ತೇ ಆಗುವುದಿಲ್ಲ. ಅಂಟಿಕೊಂಡ ಪುಟಗಳು ಸಾಮಾನ್ಯವಾಗಿ ಗೆದ್ದಲು ಹತ್ತಿದ ಕಡೆಯೇ ಇರುತ್ತವೆ.

ಓದುವಾಗ ಎಲ್ಲರೂ ಎಡವುವ ಕಲ್ಲುಗಳು ಕೆಲವಿವೆ. ಕಥೋಲಿಕ ರಿಜಿಸ್ಟರುಗಳು ಬಹುಕಾಲ ಲ್ಯಾಟಿನ್ನಿನಲ್ಲಿದ್ದವು. ಅವುಗಳಲ್ಲಿ ತಾರೀಕಿನ ಮುಂದೆ '7ಬ್ರಿಸ್' ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್ನಿನಲ್ಲಿ ಸೆಪ್ಟೆಮ್ ಎಂದರೆ ಏಳು. ವರ್ಷ ಮಾರ್ಚಿಗೆ ಶುರುವಾಗುತ್ತಿದ್ದ ಹಳೆಯ ರೋಮನ್ ಎಣಿಕೆ ಆ ಹೆಸರಿನಲ್ಲಿ ಉಳಿದಿದೆ. '8ಬ್ರಿಸ್' ಅಕ್ಟೋಬರ್, '10ಬ್ರಿಸ್' ಡಿಸೆಂಬರ್. ಇದು ತಿಳಿಯದೆ ಪಟ್ಟಿ ಮಾಡಿದರೆ, ಸೆಪ್ಟೆಂಬರಿನಲ್ಲಿ ಹುಟ್ಟಿದ ಕೂಸಿಗೆ ಜುಲೈನಲ್ಲೇ ದೀಕ್ಷಾಸ್ನಾನವಾಗಿರುತ್ತದೆ. 1908ರಿಂದ ಮದುವೆಯ ವಿವರವನ್ನು ದೀಕ್ಷಾಸ್ನಾನದ ದಾಖಲೆಯ ಪಕ್ಕದ ಅಂಚಿನಲ್ಲೂ ಗುರುತು ಹಾಕಬೇಕೆಂದು ರೋಮಿನ ನಿಯಮ ಬಂತು, ಆದ್ದರಿಂದ ಚಿತ್ರ ತೆಗೆಯುವಾಗ ಅಂಚು ಕತ್ತರಿಸಬೇಡಿ; ಆ ಮನುಷ್ಯನ ಮುಂದಿನ ಇಪ್ಪತ್ತೈದು ವರ್ಷ ಅಲ್ಲಿರಬಹುದು.

ಜಮೀನಿನ ಕಾಗದ ಸಿಕ್ಕರೆ ಅದರಲ್ಲಿ ಫಸಲಿ ವರ್ಷ (ಕಂದಾಯದ ವರ್ಷ) ಇರುತ್ತದೆ. 590 ಕೂಡಿಸಿ. ಫಸಲಿ 1286 ಅಂದರೆ 1876-77. ಲಂಡನ್ ಮಿಷನ್ನಿನ ಕಾಲದ ಮಿನಿಟ್ಸ್ ಪುಸ್ತಕದಲ್ಲಿ 'ಡೀಕನ್' ಎಂದು ಕಂಡರೆ ಇಂದಿನ ಅರ್ಥ ಹಚ್ಚಬೇಡಿ. ಆ ಸಭೆಗಳದು ಕಾಂಗ್ರಿಗೇಷನಲ್ ಪದ್ಧತಿ, ಪ್ರತಿ ಸಭೆ ತನ್ನನ್ನು ತಾನೇ ನಡೆಸಿಕೊಳ್ಳುವುದು, ಡೀಕನ್ ಎಂದರೆ ಸಭೆಯವರೇ ಆರಿಸಿದ ಹಿರಿಯ. ದಕ್ಷಿಣ ಇಂಡಿಯಾ ಸಭೆಯಲ್ಲಿ ಡೀಕನ್ ಬಿಷಪರಿಂದ ಅಭಿಷೇಕ ಪಡೆದ ಸೇವಕ. 'ನಮ್ಮ ಅಜ್ಜ ಡೀಕನ್ ಆಗಿದ್ದರು, ಅಯ್ಯನೋರ (ಪಾದ್ರಿಗಳ) ಪಟ್ಟಿಯಲ್ಲಿ ಯಾಕಿಲ್ಲ' ಎಂಬ ತಕರಾರು ಇದರಿಂದಲೇ ಹುಟ್ಟುವುದು.

ದೀಕ್ಷಾಸ್ನಾನಗಳನ್ನು ವರ್ಷವಾರು ಎಣಿಸಿ ಚೌಕುಳಿ ಹಾಳೆಯ ಮೇಲೆ ಕಂಬ ಹಾಕಿದಾಗ 1876-78ರ ಧಾತು-ಈಶ್ವರ ಸಂವತ್ಸರಗಳ ಬರವನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಬಳ್ಳಾರಿ ಸೀಮೆ ಆ ಬರದಲ್ಲಿ ಬೆಂದುಹೋಗಿತ್ತು. ಅಲ್ಲಿ ಕಂಬ ಎತ್ತರವಾಗಿದ್ದರೆ ಒಬ್ಬರು 'ಆತ್ಮದ ಉಜ್ಜೀವನ' ಎನ್ನುತ್ತಾರೆ, ಇನ್ನೊಬ್ಬರು 'ಗಂಜಿಗಾಗಿ ಸೇರಿದರು' ಎನ್ನುತ್ತಾರೆ. ಎರಡನ್ನೂ ಬರೆಯಬೇಡಿ. ವಯಸ್ಸಿನ ಕಾಲಂ ನೋಡಿ, ತಂದೆತಾಯಿಯ ಹೆಸರಿಲ್ಲದ ಮಕ್ಕಳೇ ಹೆಚ್ಚಿದ್ದರೆ ಅದು ಅನಾಥಾಲಯದ ಲೆಕ್ಕ. ಆಮೇಲೆ ಅದೇ ವರ್ಷದ ಸಮಾಧಿ ರಿಜಿಸ್ಟರನ್ನು ಪಕ್ಕಕ್ಕಿಟ್ಟು ಹೆಸರು ತಾಳೆ ನೋಡಿ. ದೀಕ್ಷಾಸ್ನಾನವಾಗಿ ವಾರದೊಳಗೆ ಮಣ್ಣಾದವರಿದ್ದರೆ ಎರಡೂ ಮಾತು ಬಾಯಿಗೆ ಬರುವುದಿಲ್ಲ.

ಸಮಾಧಿ ಸ್ಥಳದ ಕೆಲಸಕ್ಕೆ ಡಿಸೆಂಬರ್-ಜನವರಿ, ಬೆಳಿಗ್ಗೆ ಏಳರ ಮೊದಲೇ ಹೋಗುವುದು. ಬಳ್ಳಾರಿಯ ಬಿಸಿಲು ಒಂದು ಕಾರಣ. ಅದಕ್ಕಿಂತ ದೊಡ್ಡದು ಓರೆ ಬೆಳಕು. ನೆತ್ತಿಯ ಸೂರ್ಯನಲ್ಲಿ ಮಾಸಿದ ಅಕ್ಷರ ಕಾಣದು, ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಪ್ರತಿ ಗೀರೂ ನೆರಳು ಹಿಡಿದು ಎದ್ದು ನಿಲ್ಲುತ್ತದೆ. ತಡವಾಯಿತೆಂದರೆ ಒಂದು ಅಡಿಯ ಕನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಹಾಯಿಸಿ. ಬರೀ ನೀರು, ಮೆತ್ತನೆ ಬ್ರಷ್. ಆಸಿಡ್, ತಂತಿ ಬ್ರಷ್, ಚಾಕ್‌ಪೀಸಿನ ಪುಡಿ ಯಾವುದೂ ಬೇಡ. ಆಸಿಡ್ಡಿಗೆ ಅಮೃತಶಿಲೆ ಸಕ್ಕರೆಯ ಹಾಗೆ ಕರಗುತ್ತದೆ. ಕಡಪಾ ಚಪ್ಪಡಿಯನ್ನು ಉಜ್ಜಿದರೆ ಅಕ್ಷರದ ಸಮೇತ ಪದರವೇ ಏಳುತ್ತದೆ. ಗ್ರಾನೈಟ್ ಒಂದೇ ತಾಳಿಕೊಳ್ಳುವುದು.

ಹಿರಿಯರ ನೆನಪನ್ನು ದಾಖಲಿಸುವಾಗ ವರ್ಷ ಕೇಳಬೇಡಿ, ತಪ್ಪು ವರ್ಷ ಸಿಗುತ್ತದೆ. 'ಡ್ಯಾಮಿಗೆ ಮುಂಚೆಯೋ ಆಮೇಲೋ?' ಎಂದು ಕೇಳಿ. ತುಂಗಭದ್ರಾ ಕೆಲಸ 1945ರಲ್ಲಿ ಶುರುವಾಗಿ 1953ಕ್ಕೆ ನೀರು ನಿಂತಿತು. ರಾಯಚೂರು, ಕೊಪ್ಪಳದವರಾದರೆ 'ರಜಾಕಾರರ ಗದ್ದಲದಾಗ' ಎನ್ನುತ್ತಾರೆ, ಅದು 1948. ಗಡಿಯ ವಿಷಯ ಕಾಗದಕ್ಕೂ ಮುಖ್ಯ: ಬಳ್ಳಾರಿ 1953ರವರೆಗೆ ಮದರಾಸಿನಲ್ಲಿತ್ತು, ಸರಕಾರಿ ದಾಖಲೆ ಚೆನ್ನೈಯಲ್ಲಿ ಹುಡುಕಬೇಕು, ರಾಯಚೂರು-ಕೊಪ್ಪಳದ್ದು ಹೈದರಾಬಾದಿನಲ್ಲಿ. ಲಂಡನ್ ಮಿಷನ್ನಿನ ಪತ್ರಗಳು ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಬಾಸೆಲ್ ಮಿಷನ್ನಿನವು ಬಾಸೆಲ್‌ನಲ್ಲೂ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ. ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಟ 1843ರ 'ಮಂಗಳೂರ ಸಮಾಚಾರ' ಮರುವರ್ಷ 'ಕನ್ನಡ ಸಮಾಚಾರ'ವಾಗಿ ಅಚ್ಚಾದದ್ದು ಬಳ್ಳಾರಿಯಲ್ಲಿ. ನಮ್ಮೂರಿನ ಹುಡುಗರಿಗೆ ಇದು ಗೊತ್ತಿರುವುದಿಲ್ಲ.

ಏಳನೇ ವಾರದಿಂದ ಜಗಳಗಳು. ನಮ್ಮ ಭಾಗದಲ್ಲಿ ಮೊದಲು ಬರುವುದು ಮರು ದೀಕ್ಷಾಸ್ನಾನ. ಹೊಸ ಪ್ರಾರ್ಥನಾ ಮಂದಿರದವರು 'ನಿಮ್ಮದು ಲೆಕ್ಕಕ್ಕಿಲ್ಲ, ನೀರಿನಲ್ಲಿ ಮುಳುಗಬೇಕು' ಎನ್ನುತ್ತಾರೆ, ಮನೆಯಲ್ಲಿ ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ. ಇದನ್ನು ಒಂದೇ ಪ್ರಶ್ನೆ ಎಂದುಕೊಂಡರೆ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ, ಏಕೆಂದರೆ ಇದರಲ್ಲಿ ಮೂರು ಪ್ರಶ್ನೆಗಳಿವೆ, ಮೂರಕ್ಕೂ ಬೇರೆ ಬೇರೆ ಕಾಲದ ಚರಿತ್ರೆಯಿದೆ.

ಕೊಟ್ಟವರು ಯಾರು ಎಂಬುದು ಮೊದಲನೆಯದು. 303ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆ ಶುರುವಾದಾಗ ಉತ್ತರ ಆಫ್ರಿಕದ ಕೆಲವು ಪಾದ್ರಿಗಳು ಹೆದರಿ ಸತ್ಯವೇದದ ಪ್ರತಿಗಳನ್ನು ಅಧಿಕಾರಿಗಳ ಕೈಗೆ ಕೊಟ್ಟರು. ಅಂಥವರು ಕೊಟ್ಟ ದೀಕ್ಷಾಸ್ನಾನ, ಅಂಥವರು ಮಾಡಿದ ಅಭಿಷೇಕ ನಡೆಯುವುದಿಲ್ಲ ಎಂದವರು ದೊನಾತರು. 314ರ ಆರ್ಲ್ ಸಮ್ಮೇಳನ ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ಆದದ್ದನ್ನು ಮತ್ತೆ ಮಾಡಬೇಕಿಲ್ಲ ಎಂದಿತು. ನೂರು ವರ್ಷದ ನಂತರ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಅದನ್ನೇ ವಾದಿಸಿದರು, ಕೊಡುವವನು ಕ್ರಿಸ್ತ, ಪಾದ್ರಿಯ ಕೈ ನಿಮಿತ್ತ. 'ಆ ಅಯ್ಯನೋರು ಆಮೇಲೆ ಕೆಟ್ಟುಹೋದರು, ಅವರು ಕೊಟ್ಟದ್ದು ನಿಲ್ಲುತ್ತದಾ?' ಎಂದು ಯಾರಾದರೂ ಕೇಳಿದರೆ ಉತ್ತರ ಇಲ್ಲಿದೆ.

ಪಡೆದವರು ಯಾರು ಎಂಬುದು ಎರಡನೆಯದು, ಅದಕ್ಕೆ ದೊನಾತರು ಉತ್ತರವಲ್ಲ. ಅದು 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಎದ್ದದ್ದು: ನಂಬಿಕೆ ಹೇಳಲಾರದ ಕೂಸಿಗೆ ದೀಕ್ಷಾಸ್ನಾನ ಸಲ್ಲುತ್ತದೆಯೇ? ಹಾಗೆ ಕೇಳಿದವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು, ಕೊಂದವರು ಸುಧಾರಣೆಯ ಪಕ್ಷದ ಪ್ರಾಟೆಸ್ಟಂಟ್ ನಗರದವರೇ. ಹೊಸ ಮಂದಿರದವರನ್ನು ಗೇಲಿ ಮಾಡುವ ನಮ್ಮ ಹಿರಿಯರಿಗೆ ಈ ಪುಟ ಓದಿಸಿ.

ನೀರೆಷ್ಟು ಎಂಬುದು ಮೂರನೆಯದು. ಆದಿ ಸಭೆಯ ಕೈಪಿಡಿ 'ದಿದಖೆ'ಯಲ್ಲಿ ಇದಕ್ಕೆ ನೇರ ಸೂಚನೆಯಿದೆ: ಹರಿಯುವ ನೀರು ಮೇಲು, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯುವುದು. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡದ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಮೂರು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಯಾರೇ ಮಾತಾಡಲಿ, ಯಾವ ಹಾಳೆಯ ಕೆಳಗೆ ನಿಂತು ಮಾತಾಡುತ್ತಿದ್ದೀರಿ ಎಂದು ಮೊದಲು ಕೇಳಿ. ಗದ್ದಲ ಅರ್ಧಕ್ಕಿಳಿಯುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ತ್ರಿಯೇಕತ್ವಕ್ಕೆ ಸಂಡೇಸ್ಕೂಲಿನಲ್ಲಿ ಹೇಳುವ 'ಮಂಜುಗಡ್ಡೆ, ನೀರು, ಆವಿ' ಹೋಲಿಕೆ ಮೂರನೇ ಶತಮಾನದಲ್ಲಿ ಸಬೆಲ್ಲಿಯನ ಹೆಸರಿನಲ್ಲಿ ಸಭೆ ತಳ್ಳಿಹಾಕಿದ ವಾದಕ್ಕೇ ಹೋಗಿ ನಿಲ್ಲುತ್ತದೆ. ದೇವರೊಬ್ಬನೇ ಮೂರು ವೇಷ ಹಾಕಿದಂತೆ ಎಂಬ ವಾದ ಅದು. ಕೂರುವ ಜಾಗದಲ್ಲಿ ಜಾತಿಯ ವಿಷಯಕ್ಕೆ 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಭೇದ ಬಿಡಬೇಕೆಂದು ಸಭೆಗಳಿಗೆ ಬರೆದ ಪತ್ರವನ್ನೂ ಅದರಿಂದ ತಂಜಾವೂರಿನಲ್ಲಿ ಎದ್ದ ಒಡಕನ್ನೂ ಓದಬೇಕು. ಅದನ್ನು ಓದಿದ ವಾರ ಯಾರೂ ಹೆಚ್ಚು ಮಾತಾಡುವುದಿಲ್ಲ.

ಇಷ್ಟೆಲ್ಲ ಮಾಡುವಾಗ ಒಂದು ಕಟ್ಟುನಿಟ್ಟು ಬೇಕು: ಕಳೆದ ನೂರು ವರ್ಷದ ಹೆಸರುಗಳು ವಾಟ್ಸಾಪಿಗೂ ಬೇಡ, ಬೋರ್ಡಿಗೂ ಬೇಡ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಒಂದು ಸಾಲು ಹೊರಬಿದ್ದರೆ ಒಂದು ಮನೆಯ ಮಕ್ಕಳ ಓದು, ನೌಕರಿಗೆ ಕುತ್ತು. ತಂದೆಯ ಕಾಲಂ ಖಾಲಿ ಇರುವ ಸಾಲುಗಳೂ ಇರುತ್ತವೆ. ಚಿತ್ರಗಳ ಮೂರು ಪ್ರತಿ ಮಾಡಿ, ಒಂದು ಸಭೆಯ ಬೀರುವಿನಲ್ಲಿ, ಒಂದು ಮೇಲ್ಕಚೇರಿಯಲ್ಲಿ, ಒಂದು ಬೇರೆ ಊರಿನಲ್ಲಿ.

ಕೊನೆಯ ವಾರ ನಾವು ತೆರೆದದ್ದು ಈಗ ಬಳಕೆಯಲ್ಲಿರುವ ರಿಜಿಸ್ಟರ್. ಜೆಲ್ ಪೆನ್ನಿನ ಬರಹ, ಒಂದು ಹನಿ ನೀರಿಗೆ ಹರಡಿಹೋದದ್ದು. ಇಸವಿಯ ಕಡೆಯ ಎರಡಂಕಿ ಮಾತ್ರ. ತಾಯಿಯ ಹೆಸರಿನ ಜಾಗದಲ್ಲಿ 'ಶ್ರೀಮತಿ' ಎಂದಷ್ಟೇ. ಆವತ್ತೇ ಕಪಾಟಿಗೆ ನೀರಿಗೆ ಕರಗದ ಕಪ್ಪು ಶಾಯಿಯ ಪೆನ್ನು ಬಂತು, ಒಳರಟ್ಟಿಗೆ ಒಂದು ಚೀಟಿ ಅಂಟಿತು: ಇಸವಿ ನಾಲ್ಕಂಕಿ, ತಾಯಿಯ ಪೂರ್ತಿ ಹೆಸರು, ಊರು ಮತ್ತು ತಾಲ್ಲೂಕು, ತಿದ್ದಿದರೆ ಒಂದೇ ಗೆರೆ ಹೊಡೆದು ಸಹಿ, ವೈಟ್ನರ್ ಇಲ್ಲ.