ರಾತ್ರಿ ಕುಡಿದದ್ದು ಬೆಳಗ್ಗೆ ಎಷ್ಟು ಉಳಿದಿರುತ್ತೆ?

ತುಮಕೂರಿನಲ್ಲಿ ನನ್ನದು ಏಳು ಗಾಡಿಗಳ ಪುಟ್ಟ ಟ್ರಾವೆಲ್ಸ್. ವಸಂತನರಸಾಪುರದ ಕಾರ್ಖಾನೆಗಳಿಗೆ ಕೆಲಸಗಾರರನ್ನು ಬಿಡುವುದು, ಕರೆದುಕೊಂಡು ಬರುವುದು ನಮ್ಮ ಕೆಲಸ. ಫಸ್ಟ್ ಶಿಫ್ಟ್ ಬೆಳಗ್ಗೆ 6ಕ್ಕೆ. ಹಾಗಾಗಿ ಗಾಡಿಗಳು 4:45ಕ್ಕೇ ಶೆಡ್ ಬಿಡಬೇಕು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ನಮ್ಮ ಡ್ರೈವರ್ ಒಬ್ಬರ ಫೋನ್ ಬಂತು. ಟ್ರಿಪ್ ಮುಗಿಸಿ ವಾಪಸ್ ಬರುವಾಗ 6:45ಕ್ಕೆ ಪೊಲೀಸರು ನಿಲ್ಲಿಸಿ ಊದಿಸಿದ್ದಾರೆ. ಮೆಷಿನ್ 52 ತೋರಿಸಿದೆ. "ಅಣ್ಣಾ, ನಿಮ್ಮಾಣೆ, ರಾತ್ರಿ ಕುಡಿದಿದ್ದು. ಬೆಳಗ್ಗೆ ಬರೀ ಟೀ ಕುಡಿದಿದೀನಿ" ಅಂದರು. ನಾನು ನಂಬಲಿಲ್ಲ. ಸಿಕ್ಕಾಪಟ್ಟೆ ಬೈದೆ. ಕೋರ್ಟಿನಲ್ಲಿ ದಂಡ ಕಟ್ಟಿ ಬಂದ ಮೇಲೂ ಅವರು ಅದೇ ಮಾತು ಹೇಳಿದಾಗ, ನಿಜ ಇರಬಹುದಾ ಅಂತ ಲೆಕ್ಕ ಹಾಕಲು ಕೂತೆ.

ನಮ್ಮ ಮೋಟಾರು ವಾಹನ ಕಾಯಿದೆಯ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ದಾಟಿದರೆ ಕೇಸು. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮೆಷಿನ್ ತೋರಿಸುವ 52 ಅಂದರೆ ಆ 30ರ ಜೊತೆ ಹೋಲಿಸಬೇಕಾದ ಸಂಖ್ಯೆ.

ಕುಡಿದದ್ದು ಎಷ್ಟು ಅಂತ ಕೇಳಿದೆ. ಒಂದು ಕ್ವಾರ್ಟರ್, ಅದರ ಮೇಲೊಂದು ನೈಂಟಿ. ಶುರು ಮಾಡಿದ್ದು ರಾತ್ರಿ 9ಕ್ಕೆ. ಒಟ್ಟು 270 ಮಿ.ಲೀ. ವಿಸ್ಕಿ. ನಮ್ಮಲ್ಲಿ ಸಿಗುವ ವಿಸ್ಕಿ ಬಾಟಲಿ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತೆ. ಅಷ್ಟು ಭಾಗ ಆಲ್ಕೋಹಾಲ್. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಮಿ.ಲೀ. ತೂಕ 0.789 ಗ್ರಾಂ. ಗುಣಿಸಿದರೆ ನೈಂಟಿಗೆ 30 ಗ್ರಾಂ, ಕ್ವಾರ್ಟರ್‌ಗೆ 61 ಗ್ರಾಂ. ಇವರ ಹೊಟ್ಟೆಗೆ ಹೋದದ್ದು 91 ಗ್ರಾಂ.

ಮುಂದಿನ ಲೆಕ್ಕ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿಯದು. 1932ರಷ್ಟು ಹಳೆಯದು, ಇವತ್ತಿಗೂ ಬಳಕೆಯಲ್ಲಿದೆ. ಆಲ್ಕೋಹಾಲ್ ಮೈಯ ನೀರಿನಲ್ಲಿ ಬೆರೆಯುತ್ತೆ, ಕೊಬ್ಬಿನಲ್ಲಿ ಅಷ್ಟಾಗಿ ಬೆರೆಯುವುದಿಲ್ಲ. ಅದಕ್ಕೇ ಪೂರ್ತಿ ತೂಕ ಹಿಡಿಯುವ ಹಾಗಿಲ್ಲ. ಗಂಡಸರಾದರೆ ತೂಕವನ್ನು 0.68ರಿಂದ, ಹೆಂಗಸರಾದರೆ 0.55ರಿಂದ ಗುಣಿಸಬೇಕು. ಇವರ ತೂಕ 70 ಕೆ.ಜಿ., ಗುಣಿಸಿದರೆ 47.6. ಕುಡಿದ 91 ಗ್ರಾಂ ಅನ್ನು ಅದರಿಂದ ಭಾಗಿಸಿದರೆ ಕೆ.ಜಿ.ಗೆ 1.9 ಗ್ರಾಂ. ಪೊಲೀಸ್ ಮೆಷಿನ್ನಿನ ಭಾಷೆಯಲ್ಲಿ ಹೆಚ್ಚುಕಡಿಮೆ 190. ಲಿವರ್ ಆಲ್ಕೋಹಾಲನ್ನು ಕರಗಿಸುತ್ತಾ ಹೋಗುವುದರಿಂದ ಇದರಲ್ಲಿ ಗಂಟೆಗೆ 15ರಂತೆ ಕಳೆಯುತ್ತಾ ಹೋಗಬೇಕು. ರಾತ್ರಿ 9ರಿಂದ ಬೆಳಗ್ಗೆ 6:45ಕ್ಕೆ ಒಂಬತ್ತು ಮುಕ್ಕಾಲು ಗಂಟೆ, ಕಳೆಯುವುದು 146. ಉಳಿದದ್ದು 44.

ಕಾಗದದ ಮೇಲೆ 44, ಮೆಷಿನ್ನಿನಲ್ಲಿ 52. ಮನುಷ್ಯ ಹೇಳಿದ್ದು ನಿಜ. ಅವತ್ತು ಸಂಜೆ ಹೋಗಿ ಕ್ಷಮೆ ಕೇಳಿದೆ.

ಆಮೇಲೆ ಶೆಡ್‌ಗೆ ಅಂತ ಒಂದು ಊದೋ ಮೆಷಿನ್ ತಂದೆ. ಅಗ್ಗದವುಗಳಲ್ಲಿ ಸೆಮಿಕಂಡಕ್ಟರ್ ಸೆನ್ಸರ್ ಇರುತ್ತೆ, ಬೇರೆ ವಾಸನೆಗಳಿಗೂ ಮೋಸ ಹೋಗುತ್ತೆ. ಫ್ಯೂಯೆಲ್ ಸೆಲ್ ಇರುವುದು ದುಬಾರಿ, ಆದರೆ ನಂಬಬಹುದು. ಅದನ್ನೂ ಆಗಾಗ ಕ್ಯಾಲಿಬ್ರೇಶನ್‌ಗೆ ಕಳಿಸುತ್ತಿರಬೇಕು. ಡ್ರೈವರ್‌ಗಳ ಬಾಯಿಗೆ ಹಿಡಿಯುವ ಮೊದಲು ನನ್ನ ಮೇಲೇ ಪರೀಕ್ಷೆ ಮಾಡಿದೆ. ಶನಿವಾರ ರಾತ್ರಿ, ಮನೆಯಲ್ಲಿ, ಬೈಕ್ ಕೀ ಹೆಂಡತಿಯ ಹತ್ತಿರ ಕೊಟ್ಟು. "ಕುಡಿಯೋಕೆ ಇದೂ ಒಂದು ನೆಪ ಅಲ್ವಾ?" ಅಂತ ಅವಳು ಪುಸ್ತಕ, ಪೆನ್ನು ಹಿಡಿದು ಕೂತಳು.

ನನ್ನ ತೂಕ 80. ಖಾಲಿ ಹೊಟ್ಟೆಗೆ 8ರಿಂದ 8:20ರೊಳಗೆ ಒಂದು ನೈಂಟಿ. ಮುಗಿಸಿದ ಕೂಡಲೇ ಊದಿದರೆ 200 ದಾಟಿತು! ಗಾಬರಿಯಾಯಿತು. ಅದು ರಕ್ತದ್ದಲ್ಲ, ಬಾಯಲ್ಲಿ ಉಳಿದದ್ದು. ಬಾಯಿ ಮುಕ್ಕಳಿಸಿ 15 ನಿಮಿಷ ಕಾಯಬೇಕು. 9ಕ್ಕೆ ಊದಿದಾಗ 44, 10ಕ್ಕೆ 31, 11ಕ್ಕೆ 17. ಮುಂದಿನ ಶನಿವಾರ ಮುದ್ದೆ, ಸಾರು ಉಂಡು ಅಷ್ಟೇ ಕುಡಿದೆ. 28 ದಾಟಲೇ ಇಲ್ಲ. ಊಟ ಇದ್ದರೆ ಹೊಟ್ಟೆಯಿಂದ ಸಣ್ಣ ಕರುಳಿಗೆ ನಿಧಾನವಾಗಿ ಇಳಿಯುತ್ತೆ, ಅದಕ್ಕೇ ಏರಿಕೆ ಕಮ್ಮಿ.

44 ಇದ್ದಾಗ ನನಗೇನೂ ಆಗಿಲ್ಲ ಅನ್ನಿಸಿತ್ತು. ಸ್ವಲ್ಪ ಖುಷಿ, ಸ್ವಲ್ಪ ಜಾಸ್ತಿ ಮಾತು, ಎರಡು ಸಲ ಬಾತ್‌ರೂಮ್. (ನೀರು ಹಿಡಿದಿಡು ಅಂತ ಕಿಡ್ನಿಗೆ ಹೇಳುವ ಹಾರ್ಮೋನನ್ನು ಆಲ್ಕೋಹಾಲ್ ತಡೆಯುತ್ತೆ.) ಹೆಂಡತಿ ಮರದ ಸ್ಕೇಲ್ ಬೀಳಿಸಿದಳು, ಬೆರಳಲ್ಲಿ ಹಿಡಿದೆ. ಕುಡಿಯದಾಗಿನದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ನೋಡಿದೆಯಾ ಅಂದೆ. ಸರಿ, ನೂರರಿಂದ ಮೂರು ಮೂರು ಕಳೆಯುತ್ತಾ ಹೇಳಿ, ಹಾಗೇ ಸ್ಕೇಲ್ ಹಿಡಿಯಿರಿ ಅಂದಳು. 97, 94, 91... ಸ್ಕೇಲ್ ನೆಲಕ್ಕೆ ಬಿತ್ತು. ಮತ್ತೆ ಬಿತ್ತು. ಮೊದಲು ಕೆಡುವುದು ಇದೇ, ಒಂದೇ ಹೊತ್ತಿಗೆ ಎರಡು ಕಡೆ ಗಮನ ಇಡುವ ಶಕ್ತಿ. ಗಾಡಿ ಓಡಿಸುವುದು ಅಂದರೆ ಅದೇ ತಾನೇ? ಕನ್ನಡಿ, ಕ್ಲಚ್, ಅಡ್ಡ ಬರುವ ಆಡು.

10 ಗಂಟೆಗೆ 31 ಇದ್ದಾಗ ಪೂರ್ತಿ ಇಳಿದಿದೆ ಅನ್ನಿಸಿತು. ಸ್ಕೇಲ್ ಆಗಲೂ ಬಿತ್ತು. ಏರುವಾಗ ನಶೆ ಚೆನ್ನಾಗಿ ಗೊತ್ತಾಗುತ್ತೆ, ಇಳಿಯುವಾಗ ಅದೇ ಪ್ರಮಾಣ ಇದ್ದರೂ ಗೊತ್ತಾಗುವುದಿಲ್ಲ. ಬೆಳಗಿನ ಡ್ರೈವರ್ ಎಡವುವುದು ಇಲ್ಲೇ.

80ರ ಹೊತ್ತಿಗೆ ಕಿರುಮೆದುಳಿನ ಹಿಡಿತ ಸಡಿಲವಾಗಿ ಕೈಕಾಲಿನ ಹೊಂದಾಣಿಕೆ ತಪ್ಪುತ್ತೆ. 150ರ ಆಚೆ ತೂರಾಟ, ವಾಂತಿ. 300ಕ್ಕೆ ಎಬ್ಬಿಸಿದರೂ ಏಳದ ಸ್ಥಿತಿ. 400ರ ಮೇಲೆ ಉಸಿರೇ ನಿಲ್ಲಬಹುದು. ಅಂಥವರನ್ನು ಅಂಗಾತ ಮಲಗಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಹೋಗುತ್ತೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಶೆಡ್ಡಿನಲ್ಲಿ ಈಗ ದಿನಾ 4:30ಕ್ಕೆ ಎಲ್ಲರೂ ಊದುತ್ತಾರೆ, ನಾನೂ ಊದುತ್ತೇನೆ. ಶುರುವಿನಲ್ಲಿ ನಾಟಕ ನೋಡಬೇಕಿತ್ತು. ಏಲಕ್ಕಿ, ಲವಂಗ, ಗುಟ್ಕಾ. ಅವು ವಾಸನೆ ಮುಚ್ಚುತ್ತವೆ ಅಷ್ಟೆ, ಮೆಷಿನ್ ನೋಡುವುದು ಶ್ವಾಸಕೋಶದ ಗಾಳಿ. ನಿಂಬೆಹಣ್ಣು, ಮಜ್ಜಿಗೆ, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ, ಯಾವುದೂ ನಡೆಯಲ್ಲ. ಲಿವರ್ ಅನ್ನುವುದು ಒಂದೇ ಕೌಂಟರ್ ಇರುವ ಟಿಕೆಟ್ ಆಫೀಸ್. ಹೊರಗೆ ಎಷ್ಟೇ ಗಲಾಟೆ ಮಾಡಿದರೂ ಕ್ಯೂ ತನ್ನ ವೇಗದಲ್ಲೇ ಸಾಗುತ್ತೆ. ಒಬ್ಬರಿಗೆ ಮಾತ್ರ ಅನ್ಯಾಯ ಆಗುವುದಿತ್ತು. 38 ಬಂತು, ಕುಡಿದೇ ಇಲ್ಲ ಅಂದರು. ಕಾಲು ಗಂಟೆ ಬಿಟ್ಟು ಊದಿಸಿದರೆ ಸೊನ್ನೆ. ಆಗಷ್ಟೇ ಮೌತ್‌ವಾಶ್ ಹಾಕಿಕೊಂಡು ಬಂದಿದ್ದರು.

ಗೋಡೆ ಮೇಲೆ ಒಂದು ಚಾರ್ಟ್ ಅಂಟಿಸಿದ್ದೇನೆ. ಎಲ್ಲರೂ ಬಾಯಿಬಿಟ್ಟಿದ್ದು ಬಿಯರ್ ಸಾಲು ನೋಡಿ. 650 ಮಿ.ಲೀ. ಸ್ಟ್ರಾಂಗ್ ಬಿಯರ್ 8% ಅಂತ ಹಿಡಿದರೆ 41 ಗ್ರಾಂ. ನೈಂಟಿಗಿಂತ ಜಾಸ್ತಿ, ಎರಡು ಲಾರ್ಜ್ ಪೆಗ್‌ಗೆ ಸಮ. "ಬರೀ ಬಿಯರ್ ಅಣ್ಣಾ" ಅನ್ನುವ ಮಾತು ಅವತ್ತಿಗೆ ನಿಂತಿತು. 55 ಕೆ.ಜಿ.ಯ ಹೆಂಗಸು ನೈಂಟಿ ಕುಡಿದರೆ ಲೆಕ್ಕ 100 ಮುಟ್ಟುತ್ತೆ, ನನಗೆ 56. ಅದನ್ನೂ ಬರೆದಿದ್ದೇನೆ.

ಆದರೆ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಲೆಕ್ಕ ನೋಡಿ ಗಾಡಿ ಹತ್ತಬೇಡಿ. ಗಂಟೆಗೆ 15 ಎಂಬುದು ಸರಾಸರಿ. ಕೆಲವರಿಗೆ 10 ಮಾತ್ರ ಇಳಿಯುತ್ತೆ. 190 ಇದ್ದವನಿಗೆ ಆಗ 19 ಗಂಟೆ ಬೇಕು. ಅದಕ್ಕೇ ಸರ್ಕಾರದ 30 ನಮ್ಮ ಶೆಡ್ಡಿನಲ್ಲಿ ನಡೆಯಲ್ಲ, ಇಲ್ಲಿ ಸೊನ್ನೆ. ಸೊನ್ನೆ ಬಂದರೂ ಕಣ್ಣು ಕೆಂಪಗಿದ್ದರೆ ಕಳಿಸುವುದಿಲ್ಲ. ಕುಡಿದ ರಾತ್ರಿಯ ನಿದ್ದೆ ಒಡೆದ ನಿದ್ದೆ.

ಮೊನ್ನೆ ಸೋಮವಾರ ಅದೇ ಡ್ರೈವರ್ ಬಂದರು. ಭಾನುವಾರ ನಾಮಕರಣ ಇತ್ತಂತೆ. ಮೆಷಿನ್ ಕೊಡುವ ಮೊದಲೇ ಬೆರಳು ಮಡಚಿ ಎಣಿಸಿ, "ಅಣ್ಣಾ, ಇವತ್ತು ಹತ್ತು ಬರುತ್ತೆ" ಅಂದರು. ಊದಿದರು. 12. ಕೀಯನ್ನು ಮೊಳೆಗೆ ನೇತುಹಾಕಿ, ಶೆಡ್ಡಿನ ಮಂಚದ ಮೇಲೆ ಹೋಗಿ ಮಲಗಿದರು. ಅವರ ಟ್ರಿಪ್ ನಾನೇ ಹೊಡೆದೆ.