ಪಾರ್ಕಿನ್ಸನ್ ಮಾತ್ರೆ ಮೊದಲು, ಹಾಲು ಆಮೇಲೆ

ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ನುಂಗುವವರಲ್ಲಿ ಹಲವರಿಗೆ ಒಂದು ಹೊತ್ತು ಮಾತ್ರೆ ಚೆನ್ನಾಗಿ ಹಿಡಿಯುತ್ತದೆ, ಇನ್ನೊಂದು ಹೊತ್ತು ನುಂಗಿದ್ದೇ ಗೊತ್ತಾಗುವುದಿಲ್ಲ. ಕಾಯಿಲೆ ಜಾಸ್ತಿಯಾಯಿತೆಂದು ಗಾಬರಿಯಾಗುವ ಮುನ್ನ, ಮಾತ್ರೆಯ ಹಿಂದೆಮುಂದೆ ಹೊಟ್ಟೆಗೆ ಏನು ಹೋಗಿತ್ತು ಎಂದು ನೋಡಿ. ಹಾಲು ಬಿಡಬೇಕಾಗಿಲ್ಲ, ಕುಡಿಯುವ ಹೊತ್ತು ಬದಲಾಗಬೇಕು, ಅಷ್ಟೇ.

ಪ್ರೋಟೀನ್ ಜೀರ್ಣವಾದಾಗ ಸಿಗುವ ಅಮೈನೋ ಆಮ್ಲಗಳಂತೆ ಲೆವೊಡೋಪಾ ಕೂಡ ಒಂದು ಅಮೈನೋ ಆಮ್ಲ. ಮಿದುಳು ಸೇರಿದ ಮೇಲೆ ಅದು ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕವಾಗುತ್ತದೆ. ಸಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಅದು ದಾಟುವ ಬಾಗಿಲಲ್ಲೇ ಪ್ರೋಟೀನಿನ ಹಲವು ಅಮೈನೋ ಆಮ್ಲಗಳೂ ನುಗ್ಗುತ್ತವೆ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಆರೇಳು ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಸುಮಾರು ಶೇ 80 ಕೇಸಿನ್. ಇದು ಜಠರದಲ್ಲಿ ಗಡ್ಡೆಕಟ್ಟಿ ನಿಧಾನವಾಗಿ ಕೆಳಗಿಳಿಯುತ್ತದೆ. ಉಳಿದ ವೇ ಪ್ರೋಟೀನ್ ಬೇಗ ಜೀರ್ಣವಾಗುತ್ತದೆ. ಹೀಗಾಗಿ ನೂಕುನುಗ್ಗಲು ಬೇಗ ಶುರುವಾಗಿ ತಡವಾಗಿ ಮುಗಿಯುತ್ತದೆ.

ಕರುಳಿನಲ್ಲಿ ಇನ್ನೊಬ್ಬ ಪಾಲುದಾರನೂ ಇದ್ದಾನೆ. ಎಂಟೆರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಲೆವೊಡೋಪಾವನ್ನು ಕರುಳಿನಲ್ಲೇ ಡೋಪಮಿನ್ ಆಗಿ ಮಾರ್ಪಡಿಸಬಲ್ಲದು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಅಲ್ಲಿ ತಯಾರಾದ ಡೋಪಮಿನ್ ಮಿದುಳಿಗೆ ದಾಟಲಾರದು. ಮಾತ್ರೆಯಲ್ಲಿ ಬೆರೆಸಿರುವ ಕಾರ್ಬಿಡೋಪಾ ಇದೇ ಮಾರ್ಪಾಡು ಮಾಡುವ ನಮ್ಮ ದೇಹದ ಕಿಣ್ವವನ್ನು ತಡೆಯುತ್ತದೆ, ಬ್ಯಾಕ್ಟೀರಿಯಾದ ಕಿಣ್ವದ ಮುಂದೆ ಅದರ ಆಟ ನಡೆಯದು. ಇದನ್ನೇ ನೆಪ ಮಾಡಿಕೊಂಡು ಮಾರುವ ಪುಡಿ, ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ.

ಈಗ ಮಾಡಬೇಕಾದ್ದು.

1. ಒಂದು ವಾರ ಬರೆದಿಡಿ. ಮಾತ್ರೆ ನುಂಗಿದ್ದು, ತಿಂದದ್ದು ಕುಡಿದದ್ದು, ಕೈಕಾಲು ಸಡಿಲಗೊಂಡದ್ದು, ಮತ್ತೆ ಬಿಗಿಯಾದದ್ದು, ಎಲ್ಲವನ್ನೂ ಗಂಟೆ ನಿಮಿಷದ ಸಮೇತ. ಈ ಕಾಗದವಿಲ್ಲದೆ ವೈದ್ಯರ ಬಳಿ ಹೋದರೆ ಮಾತೆಲ್ಲ ಅಂದಾಜಿನ ಮೇಲೇ ನಡೆಯುತ್ತದೆ.

2. ಸಾಮಾನ್ಯವಾಗಿ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಕನಿಷ್ಠ ಒಂದು ಗಂಟೆಯ ನಂತರ. ಜೊತೆಗೆ ನೀರು ಮಾತ್ರ, ಹಾಲು ಹಾಕಿದ ಕಾಫಿ, ಚಹಾ ಬೇಡ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ಹಣ್ಣಿನಂಥ, ಪ್ರೋಟೀನ್ ಕಡಿಮೆಯಿರುವ ತಿನಿಸು ಸಾಕು. ಕಬ್ಬಿಣಾಂಶದ ಮಾತ್ರೆಯೂ ಲೆವೊಡೋಪಾವನ್ನು ಹಿಡಿದಿಡುತ್ತದೆ, ಅದನ್ನೂ ದೂರವಿಡಿ.

3. ಇಷ್ಟಾದರೂ ಏರಿಳಿತ ನಿಲ್ಲದಿದ್ದರೆ ಹಾಲು, ಪನೀರ್, ಮೊಟ್ಟೆ, ಮಾಂಸಗಳ ಹೆಚ್ಚಿನ ಪಾಲನ್ನು ರಾತ್ರಿಯೂಟಕ್ಕೆ ಸರಿಸುವ ಕ್ರಮವಿದೆ. ಸರಿಸುವುದು ಬೇರೆ, ಕಡಿತಗೊಳಿಸುವುದು ಬೇರೆ. ಕಾಯಿಲೆಯ ಆರಂಭದಲ್ಲಿರುವ ಬಹುತೇಕರಿಗೆ ಇದು ಬೇಕಾಗುವುದೂ ಇಲ್ಲ. ಪಾರ್ಕಿನ್ಸನ್‌ನಲ್ಲಿ ಹೇಗೂ ತೂಕ ಇಳಿಯುವುದುಂಟು. ದಿನದ ಒಟ್ಟು ಪ್ರೋಟೀನ್ ಕುಸಿದರೆ ಸ್ನಾಯು ಕರಗುತ್ತದೆ. ಮಾತ್ರೆ ಒಮ್ಮೆಲೇ ಚೆನ್ನಾಗಿ ಹಿಡಿದು ಅನೈಚ್ಛಿಕ ಚಲನೆಗಳು ಹೆಚ್ಚಲೂಬಹುದು. ಆದ್ದರಿಂದ ಈ ಹೆಜ್ಜೆಯನ್ನು ನರರೋಗ ತಜ್ಞರನ್ನು ಕೇಳಿಯೇ ಇಡಿ, ವಾರಕ್ಕೊಮ್ಮೆ ತೂಕ ನೋಡಿ.

4. ಮಲಬದ್ಧತೆಯನ್ನು ಕಡೆಗಣಿಸಬೇಡಿ. ನಡುಕ ಕಾಣಿಸುವುದಕ್ಕೆ ವರ್ಷಗಟ್ಟಲೆ ಮೊದಲೇ ಅದು ಶುರುವಾಗಿರಬಹುದು. ಜೀರ್ಣವಾಗದೆ ದೊಡ್ಡ ಕರುಳಿಗಿಳಿದ ಪ್ರೋಟೀನನ್ನು ಬ್ಯಾಕ್ಟೀರಿಯಾಗಳು ಕೊಳೆಸಿ ಅಮೋನಿಯಾ, ಪಿ-ಕ್ರೆಸಾಲ್‌ನಂಥ ಹಾನಿಕರ ವಸ್ತುಗಳನ್ನು ಮಾಡುತ್ತವೆ. ನಾರು ಸಿಕ್ಕರೆ ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟ್ ತಯಾರಿಸುತ್ತವೆ. ತರಕಾರಿ, ಕಾಳು, ನೀರು ಹೆಚ್ಚಲಿ. ಪ್ರೊಬಯೋಟಿಕ್ (ಕರುಳಿಗೆ ಒಳ್ಳೆಯ ಜೀವಂತ ಸೂಕ್ಷ್ಮಜೀವಿಗಳು) ಮತ್ತು ನಾರು ಸೇರಿಸಿದ ಹುದುಗಿಸಿದ ಹಾಲಿನಿಂದ ಪಾರ್ಕಿನ್ಸನ್ ರೋಗಿಗಳ ಮಲಬದ್ಧತೆ ತಗ್ಗಿದ್ದನ್ನು 2016ರ ಒಂದು ಪ್ರಯೋಗ ದಾಖಲಿಸಿದೆ. ಆದರೆ ಮೊಸರಿನಲ್ಲೂ ಪ್ರೋಟೀನ್ ಇದೆ, ಮಾತ್ರೆಯಿಂದ ಅದಕ್ಕೂ ಅಷ್ಟೇ ಅಂತರ.

ಹಾಲಿನಿಂದಲೇ ಪಾರ್ಕಿನ್ಸನ್ ಬರುತ್ತದೆಯೇ ಎಂಬ ಪ್ರಶ್ನೆ ಹಲವರದು. ಕಡಿಮೆ ಕೊಬ್ಬಿನ ಹೈನು ಪದಾರ್ಥಗಳನ್ನು ದಿನಕ್ಕೆ ಮೂರು ಬಾರಿಯಾದರೂ ಸೇವಿಸುತ್ತಿದ್ದವರಲ್ಲಿ, ದಿನಕ್ಕೊಮ್ಮೆಯೂ ಸೇವಿಸದವರಿಗಿಂತ ಅಪಾಯ ಶೇ 34ರಷ್ಟು ಹೆಚ್ಚಿತ್ತು ಎಂದು 2017ರ ಅಮೆರಿಕದ ಅಧ್ಯಯನ ಹೇಳಿತು. ಕೇಳಲು ದೊಡ್ಡ ಸಂಖ್ಯೆ. ಆದರೆ ಕಾಯಿಲೆ ಬಂದವರು ಹೆಚ್ಚು ಸೇವಿಸಿದ ಗುಂಪಿನಲ್ಲೂ ನೂರಕ್ಕೆ ಸುಮಾರು ಒಬ್ಬರು, ಕಡಿಮೆ ಸೇವಿಸಿದ ಗುಂಪಿನಲ್ಲಿ ಅದಕ್ಕೂ ಕಡಿಮೆ, ಹಾಲೇ ಕಾರಣವೆಂದು ಅದು ಸಾಬೀತುಮಾಡಲೂ ಇಲ್ಲ.