ಮಲಗಿರುವ ಕಾಂಡಕೋಶ ಏನನ್ನು ಉರಿಸುತ್ತದೆ?

ಪೋಸ್ಟ್‌ಡಾಕ್‌ಗೆ ಸೇರಿದಾಗ ನಾನು ಹಿಡಿದದ್ದು ಒಂದೇ ಪ್ರಶ್ನೆ. ಮಿದುಳಿನ ಕಾಂಡಕೋಶ, ಅಂದರೆ ಹೊಸ ನರಕೋಶಗಳನ್ನು ಹುಟ್ಟಿಸುವ ಕೋಶ, ವಿಭಜಿಸದೆ ಮಲಗಿದ್ದಾಗ ಶಕ್ತಿಗೆ ಏನನ್ನು ಉರಿಸುತ್ತದೆ, ಎದ್ದು ವಿಭಜನೆಗೆ ಹೊರಟಾಗ ಏನನ್ನು? ವಯಸ್ಕ ಇಲಿಯ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಭಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಈ ಕೋಶಗಳು ಬಹುಪಾಲು ಮಲಗಿಯೇ ಇರುತ್ತವೆ. ಮಲಗಿದವು ಕೊಬ್ಬಿನಾಮ್ಲವನ್ನು ಜಾಸ್ತಿ ಉರಿಸುತ್ತವೆ ಎಂದು 2017ರಲ್ಲಿ ಜ್ಯೂರಿಕ್‌ನ ತಂಡವೊಂದು ತೋರಿಸಿತ್ತು. ನನ್ನ ಕೆಲಸ ಶುರುವಾಗಿದ್ದು ಅಲ್ಲಿಂದ.

ಕೋಶಗಳನ್ನು ಡಿಶ್‌ನಲ್ಲಿ ಮಲಗಿಸಲು ವಿಭಜನೆಗೆ ಪ್ರೇರೇಪಿಸುವ ಇಜಿಎಫ್ ಪ್ರೋಟೀನ್ ತೆಗೆದು, ಎಫ್‌ಜಿಎಫ್2 ಎಂಬ ಇನ್ನೊಂದು ಬೆಳವಣಿಗೆಯ ಪ್ರೋಟೀನ್ ಜೊತೆ, ಮಲಗಿಸುವ ಸಂಕೇತ ಕೊಡುವ ಬಿಎಂಪಿ4 ಕೊಟ್ಟೆ. ಕೆಲವೇ ದಿನಗಳಲ್ಲಿ ವಿಭಜನೆ ನಿಲ್ಲುತ್ತದೆ, ಕೋಶಗಳು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಆದರೆ ನಿಂತದ್ದೆಲ್ಲ ನಿದ್ದೆಯಲ್ಲ, ಅಲ್ವಾ? ಹಾಗಾಗಿ ಪ್ರತಿ ಬ್ಯಾಚ್‌ನಲ್ಲೂ ಕೆಲವು ವೆಲ್‌ಗಳಿಗೆ (ಪ್ಲೇಟ್‌ನ ಪುಟ್ಟ ಗುಂಡಿಗಳಿಗೆ) ಬಿಎಂಪಿ4 ನಿಲ್ಲಿಸಿ ಇಜಿಎಫ್ ಮರಳಿ ಕೊಡುತ್ತಿದ್ದೆ. ಅವು ಎದ್ದು ವಿಭಜಿಸಿದರೆ ಮಾತ್ರ ಆ ಬ್ಯಾಚ್‌ನ ಅಂಕಿಗಳನ್ನು ನಂಬುತ್ತಿದ್ದೆ.

ಕೋಶಗಳು ಇಂಧನ ಉರಿಸಲು ಆಕ್ಸಿಜನ್ ಬಳಸುತ್ತವೆ; ಆ ಬಳಕೆಯನ್ನು ಅಳೆದದ್ದು ಸೀಹಾರ್ಸ್ ಎಂಬ ಯಂತ್ರದಲ್ಲಿ. ಇಲ್ಲಿ ತೊಡಕು ಯಂತ್ರದ್ದಲ್ಲ, ಎಣಿಕೆಯದ್ದು. ಒಂದು ಗುಂಪು ವಿಭಜಿಸುತ್ತಿದೆ, ಇನ್ನೊಂದು ಇಲ್ಲ. ಒಂದೇ ದಿನ ಸಮನಾಗಿ ಹಾಕಿದರೂ ಅಳೆಯುವ ಹೊತ್ತಿಗೆ ಲೆಕ್ಕ ತಪ್ಪಿರುತ್ತದೆ. ಅದಕ್ಕೆ ಎರಡನ್ನೂ ಬೇರೆ ಡಿಶ್‌ಗಳಲ್ಲಿ ಬೆಳೆಸಿ, ಹಿಂದಿನ ದಿನ ಡಿಶ್‌ನಿಂದ ಬಿಡಿಸಿ ಎಣಿಸಿ, ಕೋಶಗಳು ಅಂಟಿಕೊಳ್ಳಲೆಂದು ಲ್ಯಾಮಿನಿನ್ ಪ್ರೋಟೀನ್ ಹಚ್ಚಿದ ಪ್ಲೇಟ್‌ಗೆ ಸಮನಾಗಿ ಹಾಕಿದೆ. ಅಳತೆ ಮುಗಿದ ಮೇಲೆ ಅದೇ ಪ್ಲೇಟನ್ನು ಫಿಕ್ಸ್ ಮಾಡಿ, ಡಿಎನ್‌ಎಗೆ ಅಂಟುವ ಹೋಕ್ಸ್ಟ್ ಬಣ್ಣ ಹಾಕಿ, ವೆಲ್ ವೆಲ್‌ನ ನ್ಯೂಕ್ಲಿಯಸ್ ಎಣಿಸಿದೆ. ಬೇಜಾರಿನ ಕೆಲಸ ನಿಜ, ಆದರೆ ಇದಿಲ್ಲದ ಗ್ರಾಫ್ ನೋಡಿ ಏನನ್ನೂ ಹೇಳಲಾಗದು.

ಉಸಿರಾಟದಲ್ಲಿ ಕೊಬ್ಬಿನ ಪಾಲು ತಿಳಿಯಲು ಎಟೊಮಾಕ್ಸಿರ್ ಎಂಬ ರಾಸಾಯನಿಕ ಬಳಸಿದೆ. ಅದು ಕೊಬ್ಬಿನಾಮ್ಲವನ್ನು ಕೋಶದ ಶಕ್ತಿಘಟಕವಾದ ಮೈಟೊಕಾಂಡ್ರಿಯದ ಒಳಗೆ ಬಿಡುವ ಸಿಪಿಟಿ1 ಕಿಣ್ವವನ್ನು ತಡೆಯುತ್ತದೆ. ಡೋಸ್ ಏರಿದರೆ, ಯಾವ ಇಂಧನವಾದರೂ ಉಸಿರಾಟಕ್ಕೆ ಬೇಕಾಗುವ ಕಾಂಪ್ಲೆಕ್ಸ್ 1 ಎಂಬ ಮೈಟೊಕಾಂಡ್ರಿಯದ ಕಿಣ್ವಕ್ಕೂ ಏಟು ಬೀಳುತ್ತದೆ. ಆಗ ಉಸಿರಾಟ ಇಳಿದದ್ದು ಯಾಕೆಂದೇ ಗೊತ್ತಾಗುವುದಿಲ್ಲ. ಡೋಸ್ ಕಡಿಮೆ ಇಟ್ಟು, ಜೊತೆಗೆ ಆ ಕಿಣ್ವದ ಸಿಪಿಟಿ1ಎ ಜೀನಿನ ಚಟುವಟಿಕೆಯನ್ನೇ ತಗ್ಗಿಸಿ ಹೋಲಿಸಿದೆ. ಎರಡೂ ಒಂದೇ ಮಾತು ಹೇಳಿದಾಗ ಧೈರ್ಯ ಬಂತು.

ನನ್ನನ್ನು ಇಂದಿಗೂ ಕಾಡುವುದು ಮೀಡಿಯಂ, ಅಂದರೆ ಕೋಶಗಳನ್ನು ಬೆಳೆಸುವ ಪೋಷಕ ದ್ರವ. ನಾವು ಬಳಸುವ ಡಿಎಂಇಎಂ/ಎಫ್12 ಮೀಡಿಯಂನಲ್ಲಿ ಗ್ಲೂಕೋಸ್ 17.5 ಮಿಲಿಮೋಲಾರ್. ಮಿದುಳಿನಲ್ಲಿ ಕೋಶಗಳ ಸುತ್ತ ಇರುವುದು 1–2 ಅಷ್ಟೇ. ಅದಕ್ಕೆ ಬೆರೆಸುವ ಬಿ27 ಪೂರಕದಲ್ಲಿ ಕೊಬ್ಬಿನಾಮ್ಲಗಳೂ ಇವೆ. ಅಂದರೆ ಕೋಶದ ಆಯ್ಕೆ ಎಂದು ನಾವು ಬರೆಯುವುದರಲ್ಲಿ ನಾವು ಬಡಿಸಿದ್ದರ ಪಾಲೂ ಇದೆ. ಗ್ಲೂಕೋಸ್ ಇಳಿಸಿ ಮತ್ತೆ ಅಳೆದೆ. ಎರಡು ಗುಂಪಿನ ವ್ಯತ್ಯಾಸ ಉಳಿಯಿತು, ಆದರೆ ಅದರ ಪ್ರಮಾಣ ಬದಲಾಯಿತು. ಈಗ ನನ್ನ ಪ್ರತಿ ಪ್ರಯೋಗವೂ ಎರಡು ಮೀಡಿಯಂಗಳಲ್ಲಿ ನಡೆಯುತ್ತದೆ.